ಮಾನಸಿಕ ಆಘಾತಕ್ಕೆ ತೀವ್ರ ಮನೋಚಿಕಿತ್ಸೆ

ಮಾನಸಿಕ ಆಘಾತಕ್ಕೆ ತೀವ್ರ ಮನೋಚಿಕಿತ್ಸೆ ಎಂಬುದು, ಸಾಮಾನ್ಯವಾಗಿ ವಾರಕ್ಕೊಂದು ಭೇಟಿಯಂತೆ ಹಲವು ತಿಂಗಳು ನಡೆಯುವ ಚಿಕಿತ್ಸೆಯನ್ನು ಕೆಲವು ದಿನಗಳಿಂದ ಎರಡು-ಮೂರು ವಾರಗಳ ಅವಧಿಗೆ ಅಡಕಗೊಳಿಸಿ, ದಿನಕ್ಕೆ ಹಲವು ಗಂಟೆಗಳಂತೆ ನೀಡುವ ಚಿಕಿತ್ಸಾ ಕ್ರಮವಾಗಿದೆ. ಯುದ್ಧ, ಅಪಘಾತ, ಲೈಂಗಿಕ ದೌರ್ಜನ್ಯ, ಬಾಲ್ಯದ ಹಿಂಸೆ, ಪ್ರಕೃತಿ ವಿಕೋಪ ಮೊದಲಾದ ಅನುಭವಗಳ ಬಳಿಕ ಉಂಟಾಗುವ ಆಘಾತೋತ್ತರ ಒತ್ತಡದ ಅಸ್ವಸ್ಥತೆ (ಪಿಟಿಎಸ್‌ಡಿ) ಇದರ ಮುಖ್ಯ ಗುರಿಯಾಗಿದೆ. ಆಸ್ಪತ್ರೆ ಅಥವಾ ವಿಶ್ವವಿದ್ಯಾಲಯಗಳ ಹೊರರೋಗಿ ವಿಭಾಗಗಳಲ್ಲಿ, ವಸತಿಸಹಿತ ಚಿಕಿತ್ಸಾ ಕೇಂದ್ರಗಳಲ್ಲಿ ಹಾಗೂ 'ರಿಟ್ರೀಟ್' ಎಂದು ಕರೆಯಲಾಗುವ ಖಾಸಗಿ ವಾಸ್ತವ್ಯ ತಾಣಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ. ಜನಬಳಕೆಯಲ್ಲಿ 'ಶಾಕ್ ಟ್ರೀಟ್‌ಮೆಂಟ್' ಎನಿಸಿಕೊಂಡಿರುವ ವಿದ್ಯುತ್ಕಂಪನ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ.

ಸಂಶೋಧನೆಯಿಂದ ಪರಿಣಾಮಕಾರಿ ಎಂದು ಈಗಾಗಲೇ ಕಂಡುಬಂದಿರುವ ಚಿಕಿತ್ಸೆಗಳನ್ನು ಅಡಕಗೊಳಿಸಿ ನೀಡಿದರೂ ಅವುಗಳ ಫಲ ಕುಂದುವುದಿಲ್ಲ ಎಂಬುದಕ್ಕೆ 2010ರ ದಶಕದಿಂದೀಚೆಗೆ ಆಧಾರಗಳು ದೊರೆತಿವೆ. ಆದರೆ ಈ ಆಧಾರಗಳು ಬಹುಪಾಲು ಸಾರ್ವಜನಿಕ ಮತ್ತು ಶೈಕ್ಷಣಿಕ ಸಂಸ್ಥೆಗಳ ಕಾರ್ಯಕ್ರಮಗಳಿಗೆ ಸೇರಿದವು. ಖಾಸಗಿ ವಾಸ್ತವ್ಯ ತಾಣಗಳು ಒಂದೇ ಹೆಸರಿನಡಿ ಬಹಳ ಭಿನ್ನವಾದ ಸೇವೆಗಳನ್ನು ನೀಡುತ್ತಿರುವುದರಿಂದ, ಒಂದರ ಫಲಿತಾಂಶವನ್ನು ಮತ್ತೊಂದಕ್ಕೆ ಅನ್ವಯಿಸಲಾಗುವುದಿಲ್ಲ.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 70% ಜನರು ಜೀವಮಾನದಲ್ಲಿ ಒಮ್ಮೆಯಾದರೂ ಆಘಾತಕಾರಿಯಾಗಬಲ್ಲ ಘಟನೆಗೆ ಒಳಗಾಗುತ್ತಾರೆ. ಅವರಲ್ಲಿ ಸುಮಾರು 5.6% ಜನರಿಗೆ ಮಾತ್ರ ಪಿಟಿಎಸ್‌ಡಿ ಉಂಟಾಗುತ್ತದೆ. ಉಳಿದವರು ಕಾಲಕ್ರಮೇಣ, ಬಂಧುಮಿತ್ರರ ಆಸರೆಯಿಂದ ಚೇತರಿಸಿಕೊಳ್ಳುತ್ತಾರೆ. ಘಟನೆ ಮರಳಿ ನಡೆಯುತ್ತಿರುವಂತೆ ಅನುಭವವಾಗುವುದು, ದುಃಸ್ವಪ್ನಗಳು, ಘಟನೆಯನ್ನು ನೆನಪಿಗೆ ತರುವ ಸ್ಥಳ, ವ್ಯಕ್ತಿ ಮತ್ತು ಮಾತುಗಳಿಂದ ದೂರ ಸರಿಯುವುದು, ಸದಾ ಅಪಾಯವನ್ನು ನಿರೀಕ್ಷಿಸುವ ಎಚ್ಚರ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಇದರ ಪ್ರಮುಖ ಲಕ್ಷಣಗಳು. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 1980ರಲ್ಲಿ ಪ್ರಕಟಿಸಿದ ಡಿಎಸ್ಎಂ-3 ಕೈಪಿಡಿಯಲ್ಲಿ ಈ ಅಸ್ವಸ್ಥತೆ ಮೊದಲ ಬಾರಿಗೆ ಇದೇ ಹೆಸರಿನಿಂದ ಸೇರಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯಾದ ಐಸಿಡಿ-11, 'ಸಂಕೀರ್ಣ ಪಿಟಿಎಸ್‌ಡಿ' ಎಂಬ ಪ್ರತ್ಯೇಕ ರೋಗನಿರ್ಣಯವನ್ನೂ ಸೇರಿಸಿತು. ಇದರಲ್ಲಿ ಮೇಲಿನ ಲಕ್ಷಣಗಳೊಂದಿಗೆ ಭಾವನೆಗಳ ಮೇಲೆ ಹತೋಟಿಯಿಲ್ಲದಿರುವುದು, ತನ್ನ ಬಗ್ಗೆಯೇ ತುಚ್ಛಭಾವ, ಸಂಬಂಧಗಳನ್ನು ಉಳಿಸಿಕೊಳ್ಳಲಾಗದಿರುವುದು ಕಂಡುಬರುತ್ತವೆ.

ಪಿಟಿಎಸ್‌ಡಿಗೆ ಆಘಾತದ ನೆನಪನ್ನೇ ನೇರವಾಗಿ ಎದುರಿಸುವ ಮನೋಚಿಕಿತ್ಸೆಗಳು ಉಪಯುಕ್ತವೆಂದು ಸಾಬೀತಾಗಿವೆ. ಅವನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ, 8ರಿಂದ 15 ಭೇಟಿಗಳಲ್ಲಿ ನೀಡಲಾಗುತ್ತದೆ. ಈ ಕ್ರಮದ ಮುಖ್ಯ ತೊಡಕು ಅರ್ಧದಲ್ಲೇ ನಿಂತುಹೋಗುವ ಚಿಕಿತ್ಸೆ. ಸಂಶೋಧನಾ ಪರೀಕ್ಷೆಗಳಲ್ಲಿಯೇ ಸರಿಸುಮಾರು ಆರು ಜನರಲ್ಲಿ ಒಬ್ಬರು ಚಿಕಿತ್ಸೆಯನ್ನು ಬಿಟ್ಟುಹೋಗುತ್ತಾರೆ. ದಿನನಿತ್ಯದ ಚಿಕಿತ್ಸಾಲಯಗಳಲ್ಲಿ, ಅದರಲ್ಲೂ ನಿವೃತ್ತ ಸೈನಿಕರಲ್ಲಿ, ಈ ಪ್ರಮಾಣ ಇನ್ನೂ ಹೆಚ್ಚು. ರೋಗದ ಸ್ವರೂಪವೇ ಇದಕ್ಕೆ ಒಂದು ಕಾರಣ. ನೆನಪಿನಿಂದ ದೂರ ಸರಿಯುವುದು ಪಿಟಿಎಸ್‌ಡಿಯ ಲಕ್ಷಣವಾದ್ದರಿಂದ, ಕಷ್ಟದ ಒಂದು ಭೇಟಿಯ ನಂತರ ಸಿಗುವ ಏಳು ದಿನಗಳ ಅಂತರ ಮುಂದಿನ ಭೇಟಿಯನ್ನು ತಪ್ಪಿಸಲು ಸಾಕಷ್ಟು ಅವಕಾಶ ನೀಡುತ್ತದೆ. ಉದ್ಯೋಗ, ಮಕ್ಕಳ ಪಾಲನೆ, ದೂರದ ಪ್ರಯಾಣಗಳೂ ಅಡ್ಡಿಯಾಗುತ್ತವೆ. ಈ ಅಂತರವನ್ನು ಕಡಿಮೆ ಮಾಡುವುದೇ ತೀವ್ರ ಚಿಕಿತ್ಸೆಯ ಮೂಲ ಆಲೋಚನೆಯಾಗಿದೆ.

ಇತಿಹಾಸ

ಪೂರ್ವರೂಪಗಳು

ಮನೋವ್ಯಾಧಿಯುಳ್ಳವರನ್ನು ನಿತ್ಯದ ಪರಿಸರದಿಂದ ದೂರವಿರಿಸಿ ಉಪಚರಿಸುವ ಪದ್ಧತಿ ಹಳೆಯದು. 'ರಿಟ್ರೀಟ್' ಎಂಬ ಹೆಸರು ಮನೋವೈದ್ಯಕೀಯದ ಚರಿತ್ರೆಯಲ್ಲಿ ಇಂಗ್ಲೆಂಡಿನ ಯಾರ್ಕ್ ನಗರಕ್ಕೆ ಸೇರಿದೆ. ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿ ಕ್ವೇಕರ್ ಪಂಥದ ಮಹಿಳೆಯೊಬ್ಬರು 1790ರಲ್ಲಿ ಮೃತಪಟ್ಟ ಬಳಿಕ, ಚಹಾ ವ್ಯಾಪಾರಿ ವಿಲಿಯಂ ಟ್ಯೂಕ್ ಹಾಗೂ ಅವರ ಪಂಥದವರು 1796ರಲ್ಲಿ 'ದ ರಿಟ್ರೀಟ್' ಎಂಬ ಆಶ್ರಯಧಾಮವನ್ನು ತೆರೆದರು. ಸರಪಳಿ, ಹೊಡೆತಗಳಿಗೆ ಬದಲಾಗಿ ಶಾಂತ ಪರಿಸರ, ಕೆಲಸ ಮತ್ತು ಸೌಜನ್ಯದ ನಡವಳಿಕೆಯಿಂದ ರೋಗಿಗಳನ್ನು ನೋಡಿಕೊಂಡ ಈ ಸಂಸ್ಥೆ 'ನೈತಿಕ ಚಿಕಿತ್ಸೆ' ಎಂಬ ಸುಧಾರಣೆಗೆ ಮಾದರಿಯಾಯಿತು.

ಆಘಾತದ ನೆನಪನ್ನು ಎದುರಿಸಬೇಕೆಂಬ ವಿಚಾರ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ಪಷ್ಟ ರೂಪ ಪಡೆಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಸೇನಾ ಆಸ್ಪತ್ರೆಯಲ್ಲಿ 'ಶೆಲ್ ಶಾಕ್'ಗೆ ಒಳಗಾದ ಅಧಿಕಾರಿಗಳನ್ನು ಉಪಚರಿಸುತ್ತಿದ್ದ ಡಬ್ಲ್ಯೂ. ಎಚ್. ಆರ್. ರಿವರ್ಸ್, ಯುದ್ಧದ ನೆನಪುಗಳನ್ನು ಮನಸ್ಸಿನಿಂದ ಹೊರದೂಡುವಂತೆ ರೋಗಿಗಳಿಗೆ ಹೇಳುವ ಅಂದಿನ ರೂಢಿಯನ್ನು ಪ್ರಶ್ನಿಸಿದರು. ಹಾಗೆ ಅದುಮಿಟ್ಟ ನೆನಪು ರಾತ್ರಿಯ ದುಃಸ್ವಪ್ನಗಳಾಗಿ ಮರಳುತ್ತದೆ ಎಂದೂ, ಅದರ ಬಗ್ಗೆ ಮಾತನಾಡಿ ಸಹನೀಯಗೊಳಿಸಿಕೊಳ್ಳುವುದು ಮೇಲೆಂದೂ ಅವರು 1917ರ ಡಿಸೆಂಬರಿನಲ್ಲಿ ಓದಿದ ಉಪನ್ಯಾಸದಲ್ಲಿ ವಾದಿಸಿದರು. ಅದು 1918ರಲ್ಲಿ 'ದ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕವಿ ಸೀಗ್‌ಫ್ರೀಡ್ ಸಸೂನ್ ರಿವರ್ಸ್ ಅವರ ರೋಗಿಯಾಗಿದ್ದರು.

1960ರ ದಶಕದಲ್ಲಿ ಅಮೆರಿಕದಲ್ಲಿ ಮತ್ತೊಂದು ಧಾರೆ ಬೆಳೆಯಿತು. 1962ರಲ್ಲಿ ಕ್ಯಾಲಿಫೋರ್ನಿಯಾದ ಬಿಗ್ ಸರ್ ಕಡಲತೀರದಲ್ಲಿ ಆರಂಭವಾದ ಎಸಲೆನ್ ಸಂಸ್ಥೆಯಲ್ಲಿ ಗೆಸ್ಟಾಲ್ಟ್ ಚಿಕಿತ್ಸೆಯ ಫ್ರಿಟ್ಸ್ ಪರ್ಲ್ಸ್ ಮೊದಲಾದವರು ವಾರಾಂತ್ಯದ ಕಮ್ಮಟಗಳನ್ನು ನಡೆಸಿದರು. ಕೆಲವೇ ದಿನಗಳಲ್ಲಿ ಆಳವಾದ ಬದಲಾವಣೆ ಸಾಧ್ಯವೆಂಬ ಭರವಸೆ ಇಂತಹ 'ಎನ್‌ಕೌಂಟರ್' ಗುಂಪುಗಳ ಆಕರ್ಷಣೆಯಾಗಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪಾಲ್ಗೊಂಡ ಇಂತಹ ಗುಂಪುಗಳನ್ನು ಮಾರ್ಟನ್ ಲೀಬರ್‌ಮನ್, ಇರ್ವಿನ್ ಯಾಲೊಮ್ ಮತ್ತು ಮ್ಯಾಥ್ಯೂ ಮೈಲ್ಸ್ ಅಧ್ಯಯನ ಮಾಡಿ 1973ರಲ್ಲಿ ಫಲಿತಾಂಶ ಪ್ರಕಟಿಸಿದರು. ಭಾಗವಹಿಸಿದವರಲ್ಲಿ ಕೆಲವರಿಗೆ ತಿಂಗಳುಗಳ ನಂತರವೂ ಉಳಿದ ಮಾನಸಿಕ ಹಾನಿಯಾಗಿತ್ತು. ಗುಂಪು ಯಾವ ಪಂಥಕ್ಕೆ ಸೇರಿದ್ದು ಎಂಬುದಕ್ಕಿಂತ ಅದರ ನಾಯಕರ ನಡೆ ಫಲಿತಾಂಶವನ್ನು ಹೆಚ್ಚು ನಿರ್ಧರಿಸಿತ್ತು. ಭಾಗಿಗಳನ್ನು ಆಕ್ರಮಣಕಾರಿಯಾಗಿ ಕೆಣಕಿ ಭಾವೋದ್ರೇಕ ಹೊರತರುವ ನಾಯಕರ ಗುಂಪುಗಳಲ್ಲಿ ಹಾನಿ ಹೆಚ್ಚಾಗಿತ್ತು.

ಆಧುನಿಕ ಬೆಳವಣಿಗೆ

ಅಲ್ಪಾವಧಿಯಲ್ಲಿ ಕ್ರಮಬದ್ಧವಾಗಿ ನೀಡುವ ಚಿಕಿತ್ಸೆ ಮೊದಲು ನೆಲೆಯೂರಿದ್ದು ಭಯರೋಗಗಳ ಕ್ಷೇತ್ರದಲ್ಲಿ. ಸ್ವೀಡನ್ನಿನ ಲಾರ್ಸ್-ಯೊರಾನ್ ಓಸ್ಟ್ 1989ರಲ್ಲಿ, ಜೇಡ, ನಾಯಿ, ಚುಚ್ಚುಮದ್ದು ಮುಂತಾದವುಗಳ ಭಯವನ್ನು ಗರಿಷ್ಠ ಮೂರು ಗಂಟೆಗಳ ಒಂದೇ ಭೇಟಿಯಲ್ಲಿ ಉಪಚರಿಸುವ ವಿಧಾನವನ್ನು ವಿವರಿಸಿದರು. ನಾರ್ವೆಯ ಬರ್ಗೆನ್ ನಗರದಲ್ಲಿ ಗೀಳು ರೋಗಕ್ಕೆ (ಒಸಿಡಿ) ನಾಲ್ಕು ದಿನಗಳ ಚಿಕಿತ್ಸೆ ರೂಪುಗೊಂಡಿತು. ಪಿಟಿಎಸ್‌ಡಿಯ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನಿಯಂತ್ರಿತ ಪರೀಕ್ಷೆಗಳ ಮೂಲಕ ಕೇಳಲಾದದ್ದು 2010ರ ದಶಕದಲ್ಲಿ.

ಚಿಕಿತ್ಸಾ ವಿಧಾನಗಳು

ತೀವ್ರ ಕಾರ್ಯಕ್ರಮಗಳು ಹೊಸ ಚಿಕಿತ್ಸೆಯನ್ನು ಸೃಷ್ಟಿಸುವುದಿಲ್ಲ. ರೂಢಿಯಲ್ಲಿರುವ ಚಿಕಿತ್ಸೆಗಳ ವೇಳಾಪಟ್ಟಿಯನ್ನು ಬದಲಿಸುತ್ತವೆ. ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನಗಳು ಇವು:

ದೀರ್ಘಾವಧಿ ಮುಖಾಮುಖಿ ಚಿಕಿತ್ಸೆ: 'ಪ್ರೊಲಾಂಗ್ಡ್ ಎಕ್ಸ್‌ಪೋಶರ್' ಎಂದು ಕರೆಯಲಾಗುವ ಈ ವಿಧಾನವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎಡ್ನಾ ಫೊಆ ರೂಪಿಸಿದರು. ರೋಗಿಯು ಕಣ್ಣು ಮುಚ್ಚಿ, ಘಟನೆಯನ್ನು ವರ್ತಮಾನ ಕಾಲದಲ್ಲಿ, ಆದಿಯಿಂದ ಅಂತ್ಯದವರೆಗೆ ಮತ್ತೆ ಮತ್ತೆ ಹೇಳುತ್ತಾರೆ. ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳುತ್ತಾರೆ. ಅಪಾಯವಿಲ್ಲದಿದ್ದರೂ ಭಯದಿಂದ ಬಿಟ್ಟಿದ್ದ ಸ್ಥಳಗಳಿಗೆ ಹಂತಹಂತವಾಗಿ ಮರಳುತ್ತಾರೆ. ನೆನಪು ಬೇರೆ, ಘಟನೆ ಬೇರೆ ಎಂಬ ಅರಿವು ಅನುಭವದಿಂದಲೇ ಮೂಡುವುದು ಇದರ ಉದ್ದೇಶ.

ಅರಿವಿನ ಸಂಸ್ಕರಣ ಚಿಕಿತ್ಸೆ: 'ಸಿಪಿಟಿ' ಎಂಬ ಈ ವಿಧಾನವನ್ನು ಪೆಟ್ರೀಶಿಯಾ ರೆಸಿಕ್ ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ರೂಪಿಸಿದರು. ಸಾಮಾನ್ಯವಾಗಿ 12 ಭೇಟಿಗಳಿರುತ್ತವೆ. 'ತಪ್ಪು ನನ್ನದೇ', 'ಯಾರನ್ನೂ ನಂಬಬಾರದು' ಎಂಬಂತಹ ಗಟ್ಟಿಯಾಗಿ ಬೇರೂರಿದ ನಂಬಿಕೆಗಳನ್ನು ಗುರುತಿಸಿ, ಬರವಣಿಗೆಯ ಮೂಲಕ ಪರಿಶೀಲಿಸಲಾಗುತ್ತದೆ.

ಇಎಂಡಿಆರ್: ಫ್ರಾನ್ಸೀನ್ ಶಪೀರೊ 1987ರಲ್ಲಿ ಗಮನಿಸಿ 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದ ವಿಧಾನ. ರೋಗಿಯು ನೆನಪಿನ ಅತ್ಯಂತ ನೋವಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು, ಅತ್ತಿಂದಿತ್ತ ಚಲಿಸುವ ಚಿಕಿತ್ಸಕರ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುತ್ತಾರೆ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವಾಗ ಕಾರ್ಯನಿರತ ಸ್ಮೃತಿಯ ಮೇಲೆ ಹೊರೆ ಬಿದ್ದು ಚಿತ್ರದ ತೀಕ್ಷ್ಣತೆ ತಗ್ಗುತ್ತದೆ ಎಂಬುದು ಪ್ರಚಲಿತ ವಿವರಣೆಗಳಲ್ಲೊಂದು.

ಪಿಟಿಎಸ್‌ಡಿಯ ಅರಿವಿನ ಚಿಕಿತ್ಸೆ: ಆಂಕೆ ಎಹ್ಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ 2000ರಲ್ಲಿ ಮಂಡಿಸಿದ ಮಾದರಿಯನ್ನು ಆಧರಿಸಿದೆ. ಮುಗಿದುಹೋದ ಘಟನೆಯನ್ನು ಇಂದಿಗೂ ಇರುವ ಬೆದರಿಕೆಯಾಗಿ ಮನಸ್ಸು ಗ್ರಹಿಸುವುದೇ ರೋಗವನ್ನು ಉಳಿಸುತ್ತದೆ ಎಂಬುದು ಇದರ ತಿರುಳು.

ವಿಶ್ವ ಆರೋಗ್ಯ ಸಂಸ್ಥೆಯು 2013ರ ಮಾರ್ಗಸೂಚಿಯಲ್ಲಿ ಆಘಾತ-ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆ ಹಾಗೂ ಇಎಂಡಿಆರ್ ಎರಡನ್ನೂ ಶಿಫಾರಸು ಮಾಡಿದೆ. ದೇಹದ ಸಂವೇದನೆಗಳನ್ನು ಆಧರಿಸಿದ 'ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್' ಮೊದಲಾದ ವಿಧಾನಗಳು ಖಾಸಗಿ ತಾಣಗಳಲ್ಲಿ ಜನಪ್ರಿಯವಾಗಿದ್ದರೂ ಅವುಗಳಿಗೆ ದೊರೆತಿರುವ ಆಧಾರ ಮೇಲಿನವುಗಳಿಗಿಂತ ಕಡಿಮೆ. ಯೋಗ, ನಡಿಗೆ, ಕುದುರೆಗಳ ಒಡನಾಟ, ಚಿತ್ರಕಲೆ ಮುಂತಾದವನ್ನು ಸಾಮಾನ್ಯವಾಗಿ ಪೂರಕ ಚಟುವಟಿಕೆಗಳಾಗಿ ಸೇರಿಸಲಾಗುತ್ತದೆ.

ಕಾರ್ಯಕ್ರಮದ ಸ್ವರೂಪ

ಪೂರ್ವಸಿದ್ಧತೆ: ವ್ಯವಸ್ಥಿತ ಕಾರ್ಯಕ್ರಮಗಳಲ್ಲಿ ಚಿಕಿತ್ಸೆಗೆ ಮೊದಲು ಸವಿಸ್ತಾರ ಸಂದರ್ಶನ ನಡೆಯುತ್ತದೆ. ರೋಗನಿರ್ಣಯ, ಆತ್ಮಹತ್ಯೆಯ ಅಪಾಯ, ಮದ್ಯ ಮತ್ತು ಮಾದಕವಸ್ತುಗಳ ಬಳಕೆ, ದೈಹಿಕ ಕಾಯಿಲೆಗಳು, ಸೇವಿಸುತ್ತಿರುವ ಔಷಧಗಳು, ಹಿಂಸೆ ನೀಡಿದ ವ್ಯಕ್ತಿಯೊಂದಿಗೆ ರೋಗಿ ಈಗಲೂ ವಾಸಿಸುತ್ತಿದ್ದಾರೆಯೇ ಎಂಬುದನ್ನು ಪರಿಶೀಲಿಸಲಾಗುತ್ತದೆ. ಯಾವ ನೆನಪುಗಳನ್ನು ಯಾವ ಅನುಕ್ರಮದಲ್ಲಿ ಎದುರಿಸಬೇಕು ಎಂಬ ಪಟ್ಟಿಯೂ ಸಿದ್ಧವಾಗುತ್ತದೆ.

ದಿನಚರಿ: ದಿನಕ್ಕೆ 90 ನಿಮಿಷಗಳ ಎರಡು ವೈಯಕ್ತಿಕ ಭೇಟಿಗಳು ಒಂದು ಮಾದರಿ, ವಿರಾಮಗಳೊಂದಿಗೆ ಮೂರರಿಂದ ಆರು ಗಂಟೆಗಳವರೆಗೆ ಒಬ್ಬರೇ ಚಿಕಿತ್ಸಕರೊಂದಿಗೆ ಮುಂದುವರಿಯುವುದು ಮತ್ತೊಂದು. ನಡುವೆ ವ್ಯಾಯಾಮ, ಊಟ, ವಿಶ್ರಾಂತಿ, ರೋಗದ ಬಗ್ಗೆ ತಿಳಿವಳಿಕೆ ನೀಡುವ ಗುಂಪು ತರಗತಿಗಳಿರುತ್ತವೆ. ಸಂಜೆ ಮಾಡಬೇಕಾದ ಅಭ್ಯಾಸವನ್ನೂ ನೀಡಲಾಗುತ್ತದೆ.

ನಂತರದ ಆರೈಕೆ: ಮನೆಗೆ ಮರಳಿದ ಮೊದಲ ವಾರಗಳು ಮುಖ್ಯವಾದವು. ತಾಣದ ಶಾಂತ ಪರಿಸರದಲ್ಲಿ ಕಡಿಮೆಯಾದ ಭಯ, ಅದೇ ಬೀದಿ, ಅದೇ ಕಚೇರಿ, ಅದೇ ಸಂಬಂಧಿಕರ ನಡುವೆಯೂ ಕಡಿಮೆಯಾಗಿಯೇ ಉಳಿಯಬೇಕು. ಇದಕ್ಕಾಗಿ ದೂರವಾಣಿ ಕರೆ, ಮರುಭೇಟಿ, ಸ್ಥಳೀಯ ಚಿಕಿತ್ಸಕರಿಗೆ ವರದಿ ರವಾನೆ ಹಾಗೂ ಕುಟುಂಬದವರಿಗೆ ಮಾಹಿತಿ ನೀಡುವ ವ್ಯವಸ್ಥೆ ಇರುತ್ತದೆ.

ಪ್ರಮುಖ ಅಧ್ಯಯನಗಳು ಮತ್ತು ಕಾರ್ಯಕ್ರಮಗಳು

ಬ್ರಿಟನ್: ಎಹ್ಲರ್ಸ್ ಮತ್ತು ಸಹೋದ್ಯೋಗಿಗಳು 2014ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 121 ರೋಗಿಗಳನ್ನು ಯಾದೃಚ್ಛಿಕವಾಗಿ ನಾಲ್ಕು ಗುಂಪುಗಳಿಗೆ ಹಂಚಲಾಯಿತು. ಮೊದಲನೆಯದಕ್ಕೆ ಏಳು ದಿನಗಳ ತೀವ್ರ ಅರಿವಿನ ಚಿಕಿತ್ಸೆ, ಎರಡನೆಯದಕ್ಕೆ ಮೂರು ತಿಂಗಳ ಕಾಲ ವಾರಕ್ಕೊಮ್ಮೆ ಅದೇ ಚಿಕಿತ್ಸೆ, ಮೂರನೆಯದಕ್ಕೆ ಭಾವನೆಗಳನ್ನು ಕೇಂದ್ರೀಕರಿಸಿದ ಆಸರೆಯ ಚಿಕಿತ್ಸೆ ದೊರೆಯಿತು. ನಾಲ್ಕನೆಯದು ಕಾಯುವ ಪಟ್ಟಿ. ಚಿಕಿತ್ಸೆಯ ಕೊನೆಗೆ ಈ ಗುಂಪುಗಳಲ್ಲಿ ಪಿಟಿಎಸ್‌ಡಿಯಿಂದ ಹೊರಬಂದವರ ಪ್ರಮಾಣ ಅನುಕ್ರಮವಾಗಿ 73%, 77%, 43% ಮತ್ತು 7% ಆಗಿತ್ತು. ಒಂದು ವಾರದ ಚಿಕಿತ್ಸೆ ಮೂರು ತಿಂಗಳ ಚಿಕಿತ್ಸೆಗೆ ಸರಿಸಮವಾಗಿದ್ದು, ಸುಧಾರಣೆ ಬೇಗ ಕಂಡುಬಂದಿತ್ತು. ಆಸರೆಯ ಮಾತುಗಳಷ್ಟೇ ಇದ್ದ ಚಿಕಿತ್ಸೆ ಇವೆರಡಕ್ಕಿಂತಲೂ ಹಿಂದುಳಿದಿತ್ತು.

ಅಮೆರಿಕ: ಟೆಕ್ಸಸ್ಸಿನ ಫೋರ್ಟ್ ಹುಡ್ ಸೇನಾನೆಲೆಯಲ್ಲಿ 370 ಸೇವಾನಿರತ ಯೋಧರನ್ನು ಒಳಗೊಂಡ ಪರೀಕ್ಷೆಯ ಫಲಿತಾಂಶವನ್ನು ಫೊಆ ಮತ್ತು ಸಹೋದ್ಯೋಗಿಗಳು 2018ರಲ್ಲಿ 'ಜಾಮಾ' ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಖಾಮುಖಿ ಚಿಕಿತ್ಸೆಯ 10 ಭೇಟಿಗಳನ್ನು ಎರಡು ವಾರಗಳಲ್ಲಿ ಮುಗಿಸಿದರೂ, ಎಂಟು ವಾರಗಳಿಗೆ ಹರಡಿದರೂ ಫಲಿತಾಂಶ ಸರಿಸಮವಾಗಿತ್ತು. ಆದರೆ ಯೋಧರಲ್ಲಿ ಒಟ್ಟಾರೆ ಸುಧಾರಣೆ ಸಾಧಾರಣ ಮಟ್ಟದ್ದಾಗಿತ್ತು. ಎಂಟು ವಾರಗಳ ಕ್ರಮ, ಆಘಾತದ ನೆನಪನ್ನು ಮುಟ್ಟದೆ ವರ್ತಮಾನದ ಸಮಸ್ಯೆಗಳನ್ನಷ್ಟೇ ಚರ್ಚಿಸುವ ಚಿಕಿತ್ಸೆಗಿಂತ ಮೇಲೆಂದು ಈ ಪರೀಕ್ಷೆಯಲ್ಲಿ ಸ್ಪಷ್ಟವಾಗಲಿಲ್ಲ. ನಿವೃತ್ತ ಯೋಧರಿಗಾಗಿ 'ವೂಂಡೆಡ್ ವಾರಿಯರ್ ಪ್ರಾಜೆಕ್ಟ್' ಸಂಸ್ಥೆಯ ನೆರವಿನಿಂದ ಅಟ್ಲಾಂಟಾದ ಎಮೊರಿ, ಬೋಸ್ಟನ್ನಿನ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆ, ಶಿಕಾಗೊದ ರಶ್ ಹಾಗೂ ಲಾಸ್ ಏಂಜಲೀಸಿನ ಯುಸಿಎಲ್ಎ ಸಂಸ್ಥೆಗಳು 'ವಾರಿಯರ್ ಕೇರ್ ನೆಟ್‌ವರ್ಕ್' ಹೆಸರಿನಲ್ಲಿ ಎರಡು-ಮೂರು ವಾರಗಳ ಕಾರ್ಯಕ್ರಮಗಳನ್ನು ನಡೆಸಿವೆ.

ನೆದರ್ಲೆಂಡ್ಸ್: ಆಗ್ನೆಸ್ ವಾನ್ ಮಿನ್ನೆನ್ ಮತ್ತು ಆಡ್ ಡೆ ಯಾಂಗ್ ಅವರ ನೇತೃತ್ವದಲ್ಲಿ ಬೆಳೆದ ಸೈಟ್ರೆಕ್ ಕೇಂದ್ರದ ಮಾದರಿ ವ್ಯಾಪಕವಾಗಿ ಚರ್ಚಿತವಾಗಿದೆ. ಇಲ್ಲಿ ರೋಗಿಗಳು ವಾರಕ್ಕೆ ನಾಲ್ಕು ದಿನಗಳಂತೆ ಎರಡು ವಾರ, ಒಟ್ಟು ಎಂಟು ದಿನ ಕೇಂದ್ರದಲ್ಲಿದ್ದು ಚಿಕಿತ್ಸೆ ಪಡೆಯುತ್ತಾರೆ. ಬೆಳಿಗ್ಗೆ ಮುಖಾಮುಖಿ ಚಿಕಿತ್ಸೆ, ಮಧ್ಯಾಹ್ನ ಇಎಂಡಿಆರ್, ನಡುವೆ ದೈಹಿಕ ಚಟುವಟಿಕೆ ಮತ್ತು ಗುಂಪು ತರಗತಿ ಇರುತ್ತವೆ. ಒಬ್ಬ ರೋಗಿಯನ್ನು ಒಬ್ಬರೇ ಚಿಕಿತ್ಸಕರು ನೋಡುವ ಬದಲು ತಂಡದ ಸದಸ್ಯರು ಸರದಿಯಂತೆ ನೋಡುತ್ತಾರೆ; ಇದರಿಂದ ನೋವಿನ ನೆನಪನ್ನು ರೋಗಿಯೊಂದಿಗೆ ಚಿಕಿತ್ಸಕರೂ ತಪ್ಪಿಸುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದು ಅವರ ನಿಲುವು. 347 ರೋಗಿಗಳ ಕುರಿತು 2018ರಲ್ಲಿ ಪ್ರಕಟವಾದ ವರದಿಯಂತೆ 82.9% ಜನರಲ್ಲಿ ಗಮನಾರ್ಹ ಸುಧಾರಣೆಯಾಗಿತ್ತು, 54.9% ಜನರಲ್ಲಿ ಪಿಟಿಎಸ್‌ಡಿ ಉಳಿದಿರಲಿಲ್ಲ ಮತ್ತು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರು 2.3% ಮಾತ್ರ. ಹೋಲಿಕೆಗೆ ಬೇರೊಂದು ಗುಂಪು ಇಲ್ಲದಿದ್ದುದು ಈ ಅಧ್ಯಯನದ ಮಿತಿಯಾಗಿದೆ.

ಖಾಸಗಿ ವಾಸ್ತವ್ಯ ತಾಣಗಳು

ಅಮೆರಿಕ, ಬ್ರಿಟನ್ ಮತ್ತಿತರ ದೇಶಗಳಲ್ಲಿ ಖಾಸಗಿ ಚಿಕಿತ್ಸಕರು ಎರಡರಿಂದ ಹತ್ತು ದಿನಗಳ ತೀವ್ರ ಚಿಕಿತ್ಸೆಯನ್ನು ವಾಸ್ತವ್ಯದೊಂದಿಗೆ ನೀಡುತ್ತಾರೆ. ಒಂದು ಬಾರಿಗೆ ಒಬ್ಬರನ್ನೇ ಸ್ವೀಕರಿಸುವ ತಾಣಗಳಿವೆ. ಆರೆಂಟು ಜನರ ಗುಂಪಿಗೆ ನಡೆಯುವವೂ ಇವೆ. ಕೆಲವೆಡೆ ರೋಗಿಯು ಸಮೀಪದ ವಸತಿಗೃಹದಲ್ಲಿ ಉಳಿದು ಹಗಲು ಹೊತ್ತು ಚಿಕಿತ್ಸಾಲಯಕ್ಕೆ ಬರುತ್ತಾರೆ.

ಇವುಗಳನ್ನು ಆಯ್ದುಕೊಳ್ಳುವವರಲ್ಲಿ ಸ್ಥಳೀಯವಾಗಿ ತಜ್ಞರಿಲ್ಲದವರು, ವಾರವಾರ ರಜೆ ಪಡೆಯಲಾಗದವರು, ಗೋಪ್ಯತೆ ಬಯಸುವವರು ಹಾಗೂ ಹಿಂದಿನ ಚಿಕಿತ್ಸೆ ಅರ್ಧದಲ್ಲಿ ನಿಂತವರು ಸೇರಿದ್ದಾರೆ. ವೆಚ್ಚ ದೊಡ್ಡ ಅಡ್ಡಿಯಾಗಿದೆ. ಅಮೆರಿಕದ ವಿಮಾ ವ್ಯವಸ್ಥೆಯು ಮನೋಚಿಕಿತ್ಸೆಯನ್ನು ಸಾಮಾನ್ಯವಾಗಿ ಒಂದು ಗಂಟೆಯೊಳಗಿನ ಭೇಟಿಗಳ ಲೆಕ್ಕದಲ್ಲಿ ಭರಿಸುವುದರಿಂದ, ದಿನವಿಡೀ ನಡೆಯುವ ಖಾಸಗಿ ಚಿಕಿತ್ಸೆಯ ವೆಚ್ಚವನ್ನು ಬಹುತೇಕ ರೋಗಿಗಳೇ ಹೊರಬೇಕಾಗುತ್ತದೆ. ಊಟ-ವಸತಿಯ ಸೌಕರ್ಯ ಶುಲ್ಕವನ್ನು ಹೆಚ್ಚಿಸುತ್ತದೆ. ಅದರಿಂದ ಪಿಟಿಎಸ್‌ಡಿ ಗುಣವಾಗುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೇಲೆ ಹೇಳಿದ ಬ್ರಿಟಿಷ್ ಮತ್ತು ಸೇನಾ ಪರೀಕ್ಷೆಗಳು ನಡೆದದ್ದು ಸಾಧಾರಣ ಚಿಕಿತ್ಸಾಲಯಗಳಲ್ಲಿ, ಹೊರರೋಗಿಗಳ ಮೇಲೆ.

'ರಿಟ್ರೀಟ್', 'ಹೀಲಿಂಗ್' ಎಂಬ ಪದಗಳಿಗೆ ಬಹುತೇಕ ದೇಶಗಳಲ್ಲಿ ಕಾನೂನಿನ ರಕ್ಷಣೆ ಇಲ್ಲ. ಪರವಾನಗಿ ಪಡೆದ ಮನೋವಿಜ್ಞಾನಿಯ ಚಿಕಿತ್ಸೆ, ಸ್ವಸಹಾಯ ಕಮ್ಮಟ, ಧ್ಯಾನ ಶಿಬಿರ, ಭ್ರಾಮಕ ಸಸ್ಯಗಳ ಸೇವನೆಯ ಶಿಬಿರ, ಇವೆಲ್ಲವೂ ಇದೇ ಹೆಸರಿನಲ್ಲಿ ಪ್ರಚಾರ ಪಡೆಯುತ್ತವೆ. 2009ರ ಅಕ್ಟೋಬರಿನಲ್ಲಿ ಅಮೆರಿಕದ ಆರಿಜೋನಾ ರಾಜ್ಯದ ಸೆಡೋನಾ ಸಮೀಪ ಸ್ವಸಹಾಯ ಬೋಧಕ ಜೇಮ್ಸ್ ಆರ್ಥರ್ ರೇ ನಡೆಸಿದ ಶಿಬಿರದಲ್ಲಿ, ಕಾಯಿಸಿದ ಕಲ್ಲುಗಳಿಂದ ಬಿಸಿಯೇರಿಸಿದ ಮುಚ್ಚಿದ ಗುಡಾರದೊಳಗೆ ಕುಳಿತ ಮೂವರು ಮೃತಪಟ್ಟರು. 2011ರಲ್ಲಿ ನ್ಯಾಯಾಲಯವು ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದಲ್ಲಿ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಅದು ಮನೋಚಿಕಿತ್ಸೆಯ ಕಾರ್ಯಕ್ರಮವಾಗಿರಲಿಲ್ಲ. ಆದರೂ ವೈದ್ಯಕೀಯ ಮೇಲ್ವಿಚಾರಣೆಯಿಲ್ಲದ ಶಿಬಿರಗಳ ಅಪಾಯಕ್ಕೆ ಉದಾಹರಣೆಯಾಗಿ ಆಗಾಗ ಉಲ್ಲೇಖಗೊಳ್ಳುತ್ತದೆ.

ಚರ್ಚೆಗಳು

ಸ್ಥಿರೀಕರಣದ ಪ್ರಶ್ನೆ: ಬಾಲ್ಯದಲ್ಲಿ ದೀರ್ಘಕಾಲ ಹಿಂಸೆಗೊಳಗಾದವರಿಗೆ ಮೊದಲು ತಿಂಗಳುಗಟ್ಟಲೆ ಭಾವನಿಯಂತ್ರಣ ಮತ್ತು ಸುರಕ್ಷತೆಯ ಕೌಶಲಗಳನ್ನು ಕಲಿಸಿ, ಆ ಬಳಿಕವೇ ನೆನಪುಗಳನ್ನು ಮುಟ್ಟಬೇಕೆಂಬ ಹಂತಹಂತದ ಚಿಕಿತ್ಸೆಯ ವಾದ ದೀರ್ಘಕಾಲ ಪ್ರಬಲವಾಗಿತ್ತು. ಡೆ ಯಾಂಗ್ ಮತ್ತಿತರರು 2016ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಇಂತಹ ಪೂರ್ವಹಂತ ಅನಿವಾರ್ಯ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೂ, ಅದು ಪರಿಣಾಮಕಾರಿ ಚಿಕಿತ್ಸೆಯನ್ನು ಮುಂದೂಡುತ್ತದೆಯೆಂದೂ ವಾದಿಸಿದರು. ಸಂಕೀರ್ಣ ಪಿಟಿಎಸ್‌ಡಿಯುಳ್ಳವರ ಅಗತ್ಯಗಳು ಭಿನ್ನವೆನ್ನುವ ತಜ್ಞರು ಈ ನಿಲುವನ್ನು ಒಪ್ಪುವುದಿಲ್ಲ. ರೋಗಿಗೆ ವೇಗವನ್ನು ನಿರ್ಧರಿಸುವ ಹಕ್ಕಿರಬೇಕು ಎಂಬುದರಲ್ಲಿ ಎರಡೂ ಪಕ್ಷಗಳಿಗೆ ಸಹಮತವಿದೆ.

ಘಟನೆಯ ಬೆನ್ನಲ್ಲೇ ಚಿಕಿತ್ಸೆ: ತೀವ್ರ ಚಿಕಿತ್ಸೆಯು ಸ್ಥಾಪಿತ ಪಿಟಿಎಸ್‌ಡಿಗೆ ಸಂಬಂಧಿಸಿದ್ದು. ದುರಂತ ನಡೆದ ತಕ್ಷಣ ಎಲ್ಲರನ್ನೂ ಕೂರಿಸಿ ಘಟನೆಯ ವಿವರಗಳನ್ನು ಹೇಳಿಸುವ ಒಂದೇ ಭೇಟಿಯ 'ಡಿಬ್ರೀಫಿಂಗ್' ಪದ್ಧತಿಯಿಂದ ಪಿಟಿಎಸ್‌ಡಿ ತಡೆಗಟ್ಟಲಾಗುವುದಿಲ್ಲವೆಂದು ಕಾಕ್ರನ್ ವಿಮರ್ಶೆ ತೋರಿಸಿದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ಅದನ್ನು ನೀಡಬಾರದೆಂದು ಹೇಳುತ್ತದೆ.

ಮಿತಿಗಳು ಮತ್ತು ಅಪಾಯಗಳು: ನೆನಪುಗಳನ್ನು ಎದುರಿಸುವ ಆರಂಭದ ದಿನಗಳಲ್ಲಿ ನಿದ್ರಾಭಂಗ, ಆಯಾಸ, ಕೆಲವರಲ್ಲಿ ಲಕ್ಷಣಗಳ ತಾತ್ಕಾಲಿಕ ಏರಿಕೆ ಕಂಡುಬರಬಹುದು. ತಕ್ಷಣದ ಆತ್ಮಹತ್ಯೆಯ ಅಪಾಯವಿರುವವರಿಗೆ, ನಿಯಂತ್ರಣದಲ್ಲಿಲ್ಲದ ಉನ್ಮಾದ ಅಥವಾ ಚಿತ್ತವಿಕಲತೆ ಇರುವವರಿಗೆ, ಮದ್ಯ ಬಿಟ್ಟಾಗ ವೈದ್ಯಕೀಯ ತೊಂದರೆಯಾಗಬಲ್ಲವರಿಗೆ ಆಸ್ಪತ್ರೆಯ ಆರೈಕೆ ಮೊದಲು ಬೇಕಾಗುತ್ತದೆ. ಒಂದು ವಾರದಲ್ಲಿ ಪೂರ್ಣ ಗುಣವಾಗುವ ಖಾತರಿಯನ್ನು ಯಾವ ಅಧ್ಯಯನವೂ ಬೆಂಬಲಿಸುವುದಿಲ್ಲ. ಅತ್ಯುತ್ತಮ ಫಲಿತಾಂಶ ಕಂಡ ಪರೀಕ್ಷೆಗಳಲ್ಲಿಯೂ ಕಾಲುಭಾಗದಷ್ಟು ಜನರಿಗೆ ಪಿಟಿಎಸ್‌ಡಿ ಉಳಿದಿತ್ತು. ಭಾರಿ ಮೊತ್ತ ತೆತ್ತು ಬಂದ ರೋಗಿಯು ಫಲ ಕಾಣದಿದ್ದಾಗ ತನ್ನಲ್ಲೇ ದೋಷವಿದೆಯೆಂದು ಭಾವಿಸುವ ಸಾಧ್ಯತೆಯೂ ಇದೆ.

ಆಯ್ಕೆಯ ಮಾನದಂಡಗಳು: ಚಿಕಿತ್ಸಕರ ವಿದ್ಯಾರ್ಹತೆ ಮತ್ತು ನೋಂದಣಿ, ಬಳಸುವ ವಿಧಾನದ ಹೆಸರು, ಪ್ರವೇಶಕ್ಕೆ ಮುನ್ನ ವೈಯಕ್ತಿಕ ತಪಾಸಣೆ, ರಾತ್ರಿಯ ತುರ್ತು ವ್ಯವಸ್ಥೆ, ನಡುವೆ ಹೊರಡುವ ಸ್ವಾತಂತ್ರ್ಯ, ಲಿಖಿತ ಶುಲ್ಕವಿವರ, ಲಕ್ಷಣಗಳನ್ನು ಮೊದಲು ಮತ್ತು ನಂತರ ಅಳೆಯುವ ಕ್ರಮ ಹಾಗೂ ನಂತರದ ಆರೈಕೆಯು ವಿಶ್ವಾಸಾರ್ಹ ಕಾರ್ಯಕ್ರಮವನ್ನು ಗುರುತಿಸಲು ನೆರವಾಗುವ ಅಂಶಗಳಾಗಿವೆ.

ಭಾರತದಲ್ಲಿ

ಭಾರತದಲ್ಲಿ ಆಘಾತಕ್ಕೆ ಸಂಬಂಧಿಸಿದ ಮಾನಸಿಕ ಆರೋಗ್ಯ ಸೇವೆ ಹೆಚ್ಚಾಗಿ ಬೆಳೆದದ್ದು ದುರಂತಗಳ ಹಿನ್ನೆಲೆಯಲ್ಲಿ, ಸಮುದಾಯದ ನಡುವೆ. 1984ರ ಭೋಪಾಲ್ ಅನಿಲ ದುರಂತ, 2004ರ ಸುನಾಮಿ ಮೊದಲಾದ ಸಂದರ್ಭಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಸ್ಥಳೀಯ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡುವ ಮಾರ್ಗವನ್ನು ಅನುಸರಿಸಿದರು. ಸಾವಿರಾರು ಸಂತ್ರಸ್ತರಿರುವಲ್ಲಿ, ಒಬ್ಬರಿಗೆ ಒಬ್ಬ ತಜ್ಞರು ವಾರವಿಡೀ ಮೀಸಲಾಗುವ ಮಾದರಿ ಕಾರ್ಯಸಾಧ್ಯವಾಗಿರಲಿಲ್ಲ. ಸಂಸ್ಥೆಯಲ್ಲಿ ವಿಪತ್ತು ನಿರ್ವಹಣೆಯ ಮನೋಸಾಮಾಜಿಕ ಆಸರೆಗೆ ಪ್ರತ್ಯೇಕ ವಿಭಾಗವಿದೆ.

ಕೇರಳ, ಗೋವಾ, ಋಷಿಕೇಶ ಮೊದಲಾದೆಡೆ ಯೋಗ, ಆಯುರ್ವೇದ ಮತ್ತು ಧ್ಯಾನದ ತಾಣಗಳು ಒತ್ತಡ ಹಾಗೂ ಆಘಾತದಿಂದ ಬಿಡುಗಡೆಯ ಹೆಸರಿನಲ್ಲಿ ದೇಶವಿದೇಶಗಳ ಜನರನ್ನು ಸೆಳೆಯುತ್ತವೆ. ಧ್ಯಾನ ಶಿಬಿರವು ಆಘಾತ-ಕೇಂದ್ರಿತ ಮನೋಚಿಕಿತ್ಸೆಗೆ ಪರ್ಯಾಯವಲ್ಲ. ಎಸ್. ಎನ್. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರಗಳು ಗಂಭೀರ ಮಾನಸಿಕ ಅಸ್ವಸ್ಥತೆಗೆ ತಾವು ಚಿಕಿತ್ಸೆಯಲ್ಲವೆಂದು ಅರ್ಜಿದಾರರಿಗೆ ತಾವೇ ತಿಳಿಸುತ್ತವೆ. ದೀರ್ಘ ಮೌನಧ್ಯಾನದ ವೇಳೆ ಹಳೆಯ ಆಘಾತದ ನೆನಪುಗಳು ಮರುಕಳಿಸಬಹುದೆಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಿಸಿದ್ದಾರೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಮಾನಸಿಕ ಅಸ್ವಸ್ಥತೆಯುಳ್ಳವರನ್ನು ತಾತ್ಕಾಲಿಕವಾಗಿಯಾದರೂ ಇರಿಸಿಕೊಂಡು ಆರೈಕೆ ನೀಡುವ ಸಂಸ್ಥೆಯು 'ಮಾನಸಿಕ ಆರೋಗ್ಯ ಸಂಸ್ಥೆ' ಎನಿಸಿಕೊಳ್ಳುತ್ತದೆ ಮತ್ತು ಸಂಬಂಧಿತ ಪ್ರಾಧಿಕಾರದಲ್ಲಿ ನೋಂದಣಿ ಪಡೆಯಬೇಕು. ಆಯುರ್ವೇದ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಹೋಮಿಯೋಪಥಿ ಸಂಸ್ಥೆಗಳೂ ಈ ವ್ಯಾಖ್ಯೆಯಲ್ಲಿ ಸೇರಿವೆ. ಅಮಾನವೀಯ ವರ್ತನೆಯಿಂದ ರಕ್ಷಣೆ, ಗೋಪ್ಯತೆ, ತನ್ನ ಚಿಕಿತ್ಸೆಯ ಬಗ್ಗೆ ಮುಂಚಿತ ನಿರ್ದೇಶನ ನೀಡುವ ಹಕ್ಕುಗಳನ್ನು ಕಾಯ್ದೆ ರೋಗಿಗೆ ನೀಡಿದೆ. ಚಿಕಿತ್ಸಾ ಮನೋವಿಜ್ಞಾನಿಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುತ್ತಾರೆ.

ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ (14416) ಕೇಂದ್ರ ಸಮನ್ವಯ ಸಂಸ್ಥೆ ನಿಮ್ಹಾನ್ಸ್ ಆಗಿದೆ. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ, ದಿನದ 24 ಗಂಟೆಯೂ ಇಲ್ಲಿ ಉಚಿತ ಆಪ್ತಸಮಾಲೋಚನೆ ದೊರೆಯುತ್ತದೆ ಮತ್ತು ಅಗತ್ಯವಿದ್ದವರನ್ನು ಸಮೀಪದ ಸೇವೆಗಳಿಗೆ ಕಳುಹಿಸಲಾಗುತ್ತದೆ.

ಇವನ್ನೂ ನೋಡಿ

ಆಘಾತೋತ್ತರ ಒತ್ತಡದ ಅಸ್ವಸ್ಥತೆ
ಅರಿವಿನ ವರ್ತನಾ ಚಿಕಿತ್ಸೆ
ಇಎಂಡಿಆರ್
ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ
ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017